ಏರಿನಲ್ಲಿ ಎಳೆಯದ ಗಾಡಿ: ಪಿಕಪ್ ಎಲ್ಲಿ ಹೋಯಿತು?

ಉಡುಪಿಯಿಂದ ಮಣಿಪಾಲಕ್ಕೆ ದಿನಾ ಓಡಾಡುವವರಿಗೆ ಗಾಡಿಯ ಆರೋಗ್ಯ ತಿಳಿಯಲು ಬೇರೆ ಪರೀಕ್ಷೆ ಬೇಡ. ಕಲ್ಸಂಕ, ಕಡಿಯಾಳಿ, ಕುಂಜಿಬೆಟ್ಟು ದಾಟುವ ತನಕ ಯಾವ ಗಾಡಿಯಾದರೂ ಹೇಗೋ ಹೋಗುತ್ತದೆ. ಇಂದ್ರಾಳಿ ಕಳೆದು ಲಕ್ಷ್ಮೀಂದ್ರನಗರದ ಏರು ಶುರುವಾದಾಗ ಗುಟ್ಟು ರಟ್ಟಾಗುತ್ತದೆ.

ನನ್ನದು ಹತ್ತು ವರ್ಷ ದಾಟಿದ, ಸಾವಿರ ಸಿಸಿಯ, ಮೂರು ಸಿಲಿಂಡರಿನ ಪೆಟ್ರೋಲ್ ಗಾಡಿ. ಆಯುಧಪೂಜೆ ಮುಗಿದ ಎರಡನೇ ದಿನ ಅದೇ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ನಡುಗುತ್ತಾ ಕುಂಟಿತು. ಹಿಂದಿನಿಂದ ಸಿಟಿ ಬಸ್ಸಿನ ಹಾರ್ನ್. ಎರಡನೇ ಗೇರಿಗೆ ಇಳಿಸಿ, ಬದಿಗೆ ಸರಿದು, ಹೇಗೋ ಸಿಂಡಿಕೇಟ್ ಸರ್ಕಲ್ ಮುಟ್ಟಿದೆ. ಸಂಜೆ ಇಳಿಜಾರಿನಲ್ಲಿ ವಾಪಸ್ ಬರುವಾಗ ಏನೂ ಆಗದ ಹಾಗೆ ಸುಮ್ಮನೆ ಬಂತು.

ಮೊದಲು ಹೋದ ಗ್ಯಾರೇಜಿನಲ್ಲಿ ನಾನು ಹೇಳಿದ್ದು ಎರಡೇ ಶಬ್ದ: "ಪಿಕಪ್ ಇಲ್ಲ." ಅವರು ಏರ್ ಫಿಲ್ಟರ್ ಬದಲಿಸಿದರು, ಟ್ಯಾಂಕಿಗೆ ಒಂದು ಬಾಟಲಿ ಕ್ಲೀನರ್ ಸುರಿದರು, ಇಷ್ಟಕ್ಕೂ ಸರಿಯಾಗದಿದ್ದರೆ ಫ್ಯೂಯೆಲ್ ಪಂಪ್ ಹಾಕುವ ಎಂದರು. ಸರಿಯಾಗಲಿಲ್ಲ. ಪಂಪಿನ ಬೆಲೆ ಕೇಳಿ ನಾನು ಬೇರೆ ಕಡೆ ಹೊರಟೆ. ಎರಡನೆಯವರು ವಯಸ್ಸಾದ ಮೆಕ್ಯಾನಿಕ್. ಅದೇ ಎರಡು ಶಬ್ದ ಹೇಳಿದ್ದಕ್ಕೆ ಅವರು ಬಾನೆಟ್ ಕಡೆ ನೋಡಲೇ ಇಲ್ಲ. "ಪಿಕಪ್ ಇಲ್ಲ ಅಂದ್ರೆ ಎಂತ ಮಾರಾಯ್ರೆ? ಯಾವಾಗ ಇಲ್ಲ ಹೇಳಿ. ಸ್ಟಾರ್ಟ್ ಮಾಡಿದ ಕೂಡ್ಲೇ ಉಂಟಾ, ಬಿಸಿ ಆದ ಮೇಲಾ? ಏರಲ್ಲಿ ಮಾತ್ರವಾ, ಸಮದಲ್ಲೂ ಉಂಟಾ? ಮುಳ್ಳು ಮೇಲೆ ಹೋಗ್ತದಾ ಇಲ್ವಾ?"

ನನ್ನ ಲೆಕ್ಕದಲ್ಲಿ ಪಿಕಪ್ಪಿನ ರೋಗ ಹುಡುಕುವ ವಿದ್ಯೆಯ ಅರ್ಧ ಈ ಪ್ರಶ್ನೆಗಳಲ್ಲೇ ಇದೆ. ಪಿಕಪ್ ಇಲ್ಲದಿರುವುದು ಜ್ವರ ಇದ್ದ ಹಾಗೆ. ಕಾರಣ ಹತ್ತಿರಬಹುದು, ಹೊರಗೆ ಕಾಣುವುದು ಒಂದೇ.

ಅವರ ಕೊನೆಯ ಪ್ರಶ್ನೆಯಿಂದ ಶುರು ಮಾಡುವುದು ಒಳ್ಳೆಯದು. ಮುಳ್ಳು ಅಂದರೆ ಆರ್‌ಪಿಎಂ ಮುಳ್ಳು, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವಂಥದ್ದು. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕಿರುಚುತ್ತಾ ಮುಳ್ಳು 2,500ರಿಂದ 4,000ಕ್ಕೆ ಹಾರಿ, ಸ್ಪೀಡೋಮೀಟರ್ ಮಾತ್ರ ಅಲ್ಲೇ ನಿಂತಿದ್ದರೆ ಇಂಜಿನ್ನಿನ ತಪ್ಪಲ್ಲ. ಅದು ಮಾಡಿದ ಕೆಲಸ ಚಕ್ರಕ್ಕೆ ತಲುಪುತ್ತಿಲ್ಲ, ನಡುವೆ ಕ್ಲಚ್ ಜಾರುತ್ತಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆಯೂ ಬರುತ್ತದೆ. ಏರಿನ ಟ್ರಾಫಿಕ್ಕಿನಲ್ಲಿ ಬ್ರೇಕ್ ಹಿಡಿಯುವ ಬದಲು ಅರ್ಧ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವವರಿಗೆ ಇದು ಬೇಗ ಬರುತ್ತದೆ. ಇಲ್ಲಿ ಪ್ಲಗ್, ಫಿಲ್ಟರ್ ಎಷ್ಟು ಬದಲಿಸಿದರೂ ವ್ಯರ್ಥ, ಕ್ಲಚ್ ಸೆಟ್ ಬದಲಿಸಬೇಕು.

ಮುಳ್ಳೂ ಏರದೆ ವೇಗವೂ ಏರದೆ ಇದ್ದರೆ ಎರಡು ದಾರಿ. ಇಂಜಿನ್ನಿಗೆ ಶಕ್ತಿ ಇಲ್ಲದಿರಬಹುದು, ಇಲ್ಲವೇ ಶಕ್ತಿ ಇದ್ದೂ ಯಾವುದೋ ಹಿಂದಕ್ಕೆ ಹಿಡಿದೆಳೆಯುತ್ತಿರಬಹುದು. ಎರಡನೆಯದನ್ನು ನೋಡಲು ಕಾಸು ಖರ್ಚಿಲ್ಲ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ಇಬ್ಬರು ತಳ್ಳಿ ನೋಡಿ, ಸಣ್ಣ ಗಾಡಿ ಸಲೀಸಾಗಿ ಉರುಳಬೇಕು. ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ರಿಮ್ಮುಗಳ ಹತ್ತಿರ, ಮುಟ್ಟದೆ, ಕೈ ಹಿಡಿಯಿರಿ. ಒಂದು ಮಾತ್ರ ಕಾವಲಿಯಂತೆ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದೇ ಇದೆ. ನಮ್ಮ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕು ದಿನ ಗಾಡಿ ನಿಲ್ಲಿಸಿದರೆ ಹಿಂದಿನ ಡ್ರಮ್ಮಿನಲ್ಲಿ ತುಕ್ಕು ಹಿಡಿದು ಅಂಟಿಕೊಳ್ಳುವುದು ಮಾಮೂಲು. ಮಲ್ಪೆ, ಪಣಂಬೂರಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಾಕು. ಟಯರಿನ ಗಾಳಿಯನ್ನೂ ಇದೇ ಸಾಲಿನಲ್ಲಿ ನೋಡಿಬಿಡಿ.

ನನ್ನ ಗಾಡಿ ಸಲೀಸಾಗಿ ಉರುಳಿತು, ಯಾವ ಚಕ್ರವೂ ಕಾದಿರಲಿಲ್ಲ. ಅಲ್ಲಿಗೆ ಇಂಜಿನ್ನೇ ಸೊರಗಿದೆ ಎಂದಾಯಿತು.

ಗಾಳಿ ಮತ್ತು ಪೆಟ್ರೋಲು

ಪೆಟ್ರೋಲ್ ಇಂಜಿನ್ನಿಗೆ ಬೇಕಾದದ್ದು ಗಾಳಿ, ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ, ಮತ್ತು ಇವನ್ನು ಸೋರದಂತೆ ಒತ್ತಿಹಿಡಿಯುವ ಸಿಲಿಂಡರ್. ಇದರಲ್ಲಿ ಗಾಳಿಯ ಪಾಲು ಎಷ್ಟು ದೊಡ್ಡದೆಂದು ಹೆಚ್ಚಿನವರಿಗೆ ಅಂದಾಜಿಲ್ಲ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಗಾಳಿ ಹಗುರ; ಹಾಗಾಗಿ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ. ಅಷ್ಟೂ ಗಾಳಿ ಒಂದು ಪುಸ್ತಕದಷ್ಟು ಅಗಲದ ಕಾಗದದ ಫಿಲ್ಟರಿನ ಮೂಲಕವೇ ಒಳಗೆ ಹೋಗಬೇಕು. ಮುರಕಲ್ಲಿನ ಕೆಂಪು ಧೂಳು, ರಸ್ತೆ ಅಗಲೀಕರಣದ ಧೂಳು ಎಲ್ಲ ಅದರಲ್ಲೇ ಉಳಿಯುತ್ತದೆ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದರೆ ಮಡಿಕೆಗಳ ಮೂಲಕ ಬೆಳಕು ಕಾಣಬೇಕು. ಕಾಣದಿದ್ದರೆ ಹೊಸದು ಹಾಕಿ. ನೀರಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕುವವರನ್ನು ನೋಡಿದ್ದೇನೆ. ಕಾಗದದ ಫಿಲ್ಟರ್ ಅದರಿಂದ ಕೆಡುತ್ತದೆ.

ಬ್ರಹ್ಮಾವರದ ಗೆಳೆಯರೊಬ್ಬರ ಗಾಡಿಯದ್ದು ಇನ್ನೊಂದು ಕಥೆ. ಜುಲೈ ಪೂರ್ತಿ ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿ ಆಗಸ್ಟಿನಲ್ಲಿ ಏದುಸಿರು ಬಿಡತೊಡಗಿತು. ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ತೆಂಗಿನ ನಾರಿನ ಬೆಚ್ಚನೆ ಗೂಡು, ಪಕ್ಕದಲ್ಲಿ ಸಿಪ್ಪೆ ಸುಲಿದ ಮೂರು ಹಲಸಿನ ಬೀಜ. ಮಳೆಗಾಲದ ಇಲಿಗೆ ಬಾನೆಟ್ಟಿನ ಒಳಗಿಗಿಂತ ಒಣ ಜಾಗ ಎಲ್ಲಿ ಸಿಗಬೇಕು? ಗೂಡು ಕಿತ್ತರೆ ಮುಗಿಯಿತು, ಆದರೆ ಸೆನ್ಸರಿನ ವೈರ್ ಕಡಿದಿದ್ದರೆ ಪತ್ತೆ ಹಚ್ಚುವುದೇ ಒಂದು ಕೆಲಸ.

ಫಿಲ್ಟರಿನ ಆಚೆ ಥ್ರಾಟಲ್ ಬಾಡಿ ಇದೆ, ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಚಿಟ್ಟೆರೆಕ್ಕೆಯಂಥ ಬಾಗಿಲು. ಅಂಚಿನಲ್ಲಿ ಕಾರ್ಬನ್ ಕಟ್ಟಿದರೆ ಆಕ್ಸಿಲರೇಟರ್ ಒತ್ತದೆ ಸುಮ್ಮನೆ ನಿಂತಾಗ, ಅಂದರೆ ಐಡಲ್‌ನಲ್ಲಿ ಇಂಜಿನ್ ಕುಣಿಯುತ್ತದೆ, ಹೊರಡುವಾಗ ತಡವರಿಸುತ್ತದೆ. ಶುಚಿ ಮಾಡಿಸಬಹುದು. ಕೆಲವು ಗಾಡಿಗಳಲ್ಲಿ ಆಮೇಲೆ ಇಂಜಿನ್ನಿನ ಕಂಪ್ಯೂಟರಿಗೆ ಐಡಲ್ ಮತ್ತೆ ಕಲಿಸಬೇಕಾಗುತ್ತದೆ, ಅದು ಗೊತ್ತಿರುವವರೇ ಮಾಡಲಿ. ಗಾಳಿ ಅಳೆಯುವ ಸೆನ್ಸರಿಗೆ ಅದೇ ಕಾರ್ಬನ್ ಕ್ಲೀನರ್ ಹೊಡೆಯುವುದು ಬೇಡ, ಅದರ ತಂತಿ ಕೂದಲಿನಷ್ಟು ಸೂಕ್ಷ್ಮ.

ಪೆಟ್ರೋಲಿನ ಕೊರತೆಗೆ ಅದರದ್ದೇ ಲಕ್ಷಣ ಇದೆ. ಸಮರಸ್ತೆಯಲ್ಲಿ ಐವತ್ತರಲ್ಲಿ ಹೋಗುವಾಗ ಸುಖ, ಓವರ್‌ಟೇಕ್ ಮಾಡಲು ಒತ್ತಿದಾಗ ಮಾತ್ರ ಇಂಜಿನ್ ಬಾಯಾರಿದ ಹಾಗೆ ಆಡುತ್ತದೆ. ಪಂಪ್ ಸೋತಿದ್ದರೆ, ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿದ್ದರೆ ಹೀಗೆ. ಕೀ ತಿರುಗಿಸಿ ಸ್ಟಾರ್ಟ್ ಮಾಡದೆ ಹಿಂದಿನ ಸೀಟಿನ ಕಡೆ ಕಿವಿ ಕೊಟ್ಟರೆ ಎರಡು ಸೆಕೆಂಡ್ ಪಂಪಿನ ಸದ್ದು ಕೇಳುತ್ತದೆ. ಸದ್ದು ಕೇಳಿತೆಂದು ಪಂಪ್ ಸರಿ ಇದೆ ಎಂದಲ್ಲ. ಗೇಜ್ ಹಾಕಿ ಒತ್ತಡ ಅಳೆಯಬೇಕು. ಸಾಮಾನ್ಯ ಇಂಜೆಕ್ಷನ್ ಗಾಡಿಗಳಲ್ಲಿ ಅದು ಮೂರರಿಂದ ನಾಲ್ಕು ಬಾರ್ ಇರುತ್ತದೆ, ಕಂಪನಿಯ ಪುಸ್ತಕದಲ್ಲಿ ನಿಖರವಾಗಿ ಸಿಗುತ್ತದೆ. ಅಳೆಯದೆ ಪಂಪ್ ಬದಲಿಸುವವರಿಗೆ ಬದಲಿಸಲು ಬಿಡಬೇಡಿ. ಇನ್ನೊಂದು ಮಾತು: ಪಂಪ್ ತಂಪಾಗುವುದು ಸುತ್ತಲಿನ ಪೆಟ್ರೋಲಿನಿಂದಲೇ. ಸದಾ ರಿಸರ್ವಿನಲ್ಲೇ ಓಡಿಸುವವರ ಪಂಪ್ ಬೇಗ ಸೋಲುವುದು ಅದಕ್ಕೆ.

ಈಗ ಎಲ್ಲ ರೋಗಕ್ಕೂ ಇ20 ಪೆಟ್ರೋಲೇ ಕಾರಣ ಎನ್ನುವುದು ರೂಢಿಯಾಗಿದೆ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ನೂರಕ್ಕೆ 20 ಪಾಲು ಬೆರೆಸಿದಾಗ ಒಟ್ಟು ಶಕ್ತಿ ಶೇಕಡಾ ಆರೇಳರಷ್ಟು ಇಳಿಯುತ್ತದೆ. ಆದರೆ ಇಂಜಿನ್ನಿನ ಕಂಪ್ಯೂಟರ್ ಅದನ್ನು ಗಮನಿಸಿ ಪೆಟ್ರೋಲು ಸ್ವಲ್ಪ ಹೆಚ್ಚು ಚಿಮ್ಮಿಸುತ್ತದೆ. ಹೊಡೆತ ಬೀಳುವುದು ಮುಖ್ಯವಾಗಿ ಮೈಲೇಜಿಗೆ. ನಿನ್ನೆ ಎಳೆಯುತ್ತಿದ್ದ ಗಾಡಿ ಇವತ್ತು ಏರಿನಲ್ಲಿ ನಿಂತಿತೆಂದರೆ ಅದಕ್ಕೆ ಇ20ಯನ್ನು ದೂರಿ ಕೂರುವುದು ಸಮಯ ಹಾಳು. ನೀರಿನ ವಿಷಯ ಬೇರೆ. ಟ್ಯಾಂಕಿಗೆ ನೀರು ಹೆಚ್ಚು ಸೇರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ, ಪಂಪ್ ಎಳೆಯುವುದು ತಳದಿಂದಲೇ. ಜಡಿಮಳೆಯಲ್ಲಿ ಪೆಟ್ರೋಲ್ ಹಾಕಿಸಿದ ತಕ್ಷಣ ಗಾಡಿ ಕೆಮ್ಮತೊಡಗಿದರೆ ಮಾತ್ರ ಆ ಕಡೆ ಸಂಶಯಪಡಿ.

ಕಿಡಿ

ನನ್ನ ಗಾಡಿಯ ವಿಷಯಕ್ಕೆ ಬರುತ್ತೇನೆ. ಮೆಕ್ಯಾನಿಕ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ: ಏರಿನಲ್ಲಿ ಮಾತ್ರ. ಆಕ್ಸಿಲರೇಟರ್ ಹೆಚ್ಚು ಒತ್ತಿದರೆ ನಡುಕ, ಅರ್ಧಕ್ಕೆ ಬಿಟ್ಟರೆ ಸರಿ. ಐಡಲ್‌ನಲ್ಲಿ ಏನೂ ಇಲ್ಲ. ಅವರು ಇನ್ನೊಂದು ಕೇಳಿದರು: "ಪೂಜೆಗೆ ಇಂಜಿನ್ ತೊಳೆಸಿದ್ರಾ?"

ತೊಳೆಸಿದ್ದೆ. ಪೂಜೆಯ ಹಿಂದಿನ ದಿನ ಪ್ರೆಶರ್ ನೀರು ಹೊಡೆಸಿ ಇಂಜಿನ್ ಹೊಳೆಯುವ ಹಾಗೆ ಮಾಡಿಸಿದ್ದೆ. ಹೂ ಏರಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಮುಂದೆ ಹೋದದ್ದೂ ಆಗಿತ್ತು.

ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಚುಚ್ಚಿದರು. ಬಂದ ಕೋಡ್ ಪಿ0302. ಪಿ030ರ ಸಾಲು ಮಿಸ್ಸಿಂಗಿಗೆ ಸೇರಿದ್ದು, ಕೊನೆಯ ಅಂಕಿ ಸಿಲಿಂಡರಿನ ನಂಬರ್. ಎರಡನೇ ಸಿಲಿಂಡರ್ ಆಗಾಗ ಹೊತ್ತಿಕೊಳ್ಳದೆ ತಪ್ಪುತ್ತಿದೆ ಎಂದರ್ಥ. ಮೂರರಲ್ಲಿ ಒಂದು ಕೆಲಸ ಬಿಟ್ಟರೆ ಏರು ಹತ್ತುವುದು ಹೇಗೆ? ಹಳದಿ ಚೆಕ್ ಇಂಜಿನ್ ದೀಪ ಏರಿನಲ್ಲಿ ಮಿಣುಕಿರಬೇಕು, ಹಾರ್ನಿನ ಗಲಾಟೆಯಲ್ಲಿ ನಾನು ನೋಡಿರಲಿಲ್ಲ. ಆ ದೀಪ ಸುಮ್ಮನೆ ಉರಿಯುತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಿದರೆ ನಡೆಯುತ್ತದೆ. ಮಿಣುಕುತ್ತಿದ್ದರೆ ಹಾಗಲ್ಲ. ಉರಿಯದ ಪೆಟ್ರೋಲು ನೇರವಾಗಿ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸಬಹುದು. ಅದು ಕರಗಿ ಕಟ್ಟಿಕೊಂಡರೆ ಹೊಗೆ ಹೊರಗೆ ಹೋಗಲಾರದೆ ಪಿಕಪ್ ಇನ್ನಷ್ಟು ಸಾಯುತ್ತದೆ, ಬಿಲ್ಲು ಹತ್ತು ಪಟ್ಟಾಗುತ್ತದೆ.

ಕೋಡ್ ಸಿಲಿಂಡರನ್ನು ತೋರಿಸಿತೇ ಹೊರತು ಕಾರಣವನ್ನಲ್ಲ. ಕಿಡಿ ಹಾರಿಸುವ ಪ್ಲಗ್ ಇರಬಹುದು, ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್ ಇರಬಹುದು, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಇರಬಹುದು. ಹೆಚ್ಚಿನ ಕಡೆ ಇಲ್ಲೇ ಮೂರನ್ನೂ ಬದಲಿಸಿಬಿಡುತ್ತಾರೆ. ಇವರು ಮಾಡಿದ್ದು ಐದು ನಿಮಿಷದ ಕೆಲಸ: ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಒಂದನೆಯದಕ್ಕೆ, ಒಂದನೆಯದನ್ನು ಎರಡಕ್ಕೆ ಹಾಕಿದರು. ಕೋಡ್ ಅಳಿಸಿ ನನ್ನನ್ನೇ ಅದೇ ಏರಿಗೆ ಕಳಿಸಿದರು. ವಾಪಸ್ ಬಂದು ನೋಡಿದರೆ ಪಿ0301. ತೊಂದರೆ ಕಾಯಿಲ್ ಜೊತೆಗೇ ಸ್ಥಳ ಬದಲಿಸಿತ್ತು. ಕಳ್ಳ ಸಿಕ್ಕಿದ.

ಕಾಯಿಲ್ ಹೊರಗೆ ತೆಗೆದಾಗ ತೋರಿಸಿದರು. ಉದ್ದ ರಬ್ಬರ್ ಟೋಪಿಯ ಒಳಬದಿಯಲ್ಲಿ ಪೆನ್ಸಿಲಿನಿಂದ ಗೀರಿದ ಹಾಗೆ ಒಂದು ತೆಳು ಕಪ್ಪು ಗೆರೆ. ಅದು ಕೂತಿದ್ದ ಎರಡನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೂ ಅದೇ ಗೆರೆ. ಪ್ಲಗ್ ಗುಂಡಿಯ ತಳದಲ್ಲಿ ಒಂದು ಚಮಚದಷ್ಟು ನೀರು ನಿಂತು ಸುತ್ತ ತುಕ್ಕಿನ ಉಂಗುರ. ಟೋಪಿಯಲ್ಲಿ ಮೊದಲೇ ಸಣ್ಣ ಬಿರುಕು ಇತ್ತು, ಪ್ರೆಶರ್ ನೀರು ಒಳಗಿಳಿದಿತ್ತು.

ಹಾಗಾದರೆ ಐಡಲ್‌ನಲ್ಲಿ ಸರಿ, ಏರಿನಲ್ಲಿ ಮಾತ್ರ ತಪ್ಪು ಯಾಕೆ? ಪ್ಲಗ್ಗಿನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ಇರುತ್ತದೆ. ಕಿಡಿ ಆ ಸಂದನ್ನು ಹಾರಬೇಕು, ಅದಕ್ಕೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಬೇಕು. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದ್ದಾಗ ಸಿಲಿಂಡರಿನೊಳಗೆ ಗಾಳಿ ಕಡಿಮೆ, ಒತ್ತಡ ಕಡಿಮೆ, ಹಾರುವುದು ಸುಲಭ. ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ. ಪಿಸ್ಟನ್ ಅದನ್ನು ಹಿಂಡಿದಾಗ ಸಂದಿನಲ್ಲಿ ಕಣಗಳ ನೂಕುನುಗ್ಗಲು, ಅದನ್ನು ಸೀಳಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಕರೆಂಟಿಗೆ ಮುಂದಿನ ದಾರಿ ಕಷ್ಟವಾದ ಆ ಹೊತ್ತಿಗೇ ಪಕ್ಕದಲ್ಲಿ ಒದ್ದೆ ಬಿರುಕಿನ ಸಲೀಸು ದಾರಿ ಕಾಣುತ್ತದೆ. ಅಲ್ಲಿಂದ ಇಂಜಿನ್ನಿನ ಲೋಹಕ್ಕೆ ಇಳಿದು ಹೋಗುತ್ತದೆ. ಒಮ್ಮೆ ಹೋದರೆ ರಬ್ಬರ್ ಸುಟ್ಟು ಕಾರ್ಬನ್ ಗೆರೆ ಬೀಳುತ್ತದೆ, ಕಾರ್ಬನ್ನಿನಲ್ಲಿ ಕರೆಂಟ್ ಇನ್ನೂ ಸುಲಭವಾಗಿ ಹರಿಯುತ್ತದೆ. ನೀರು ಒಣಗಿದ ಮೇಲೂ ತೊಂದರೆ ಉಳಿಯುವುದು ಇದರಿಂದ. ಪ್ಲಗ್ ಸವೆದು ಸಂದು ದೊಡ್ಡದಾದಾಗಲೂ ಇದೇ ಕಥೆ. ಸಾಮಾನ್ಯ ಪ್ಲಗ್ಗುಗಳನ್ನು 30-40 ಸಾವಿರ ಕಿಲೋಮೀಟರಿಗೆ ಬದಲಿಸಿ ಎನ್ನುವುದಕ್ಕೆ ಕಾರಣ ಇದೇ. ಇರಿಡಿಯಮ್ ಪ್ಲಗ್ಗುಗಳು ಹೆಚ್ಚು ಬಾಳುತ್ತವೆ.

ಗುಂಡಿ ಒಣಗಿಸಿ, ಮೂರು ಹೊಸ ಪ್ಲಗ್, ಒಂದು ಕಾಯಿಲ್ ಹಾಕಿದರು. ಒಟ್ಟು ಖರ್ಚು ಫ್ಯೂಯೆಲ್ ಪಂಪಿನ ಅರ್ಧವೂ ಆಗಲಿಲ್ಲ.

ಸ್ಕ್ಯಾನರ್ ಬಗ್ಗೆ ಇನ್ನೆರಡು ಮಾತು. ಬ್ಲೂಟೂತಿನ ಸಣ್ಣ ಸ್ಕ್ಯಾನರ್ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ, ಫೋನಿನಲ್ಲೇ ನೋಡಬಹುದು. ಕೋಡಿಗಿಂತ ಉಪಯುಕ್ತವಾದದ್ದು ಅದರಲ್ಲಿ ಬರುವ ಫ್ಯೂಯೆಲ್ ಟ್ರಿಮ್ ಎಂಬ ಅಂಕಿ. ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲು ಕೊಡಬೇಕಾಗುತ್ತಿದೆ ಎಂದು ಅದು ಹೇಳುತ್ತದೆ. ಸೊನ್ನೆಯ ಆಚೀಚೆ ಐದರೊಳಗಿದ್ದರೆ ಚಿಂತೆಯಿಲ್ಲ. ಹತ್ತು ಮೀರಿ ಕೂತಿದ್ದರೆ ಎಲ್ಲೋ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲು ಸಾಲುತ್ತಿಲ್ಲ. ಯಾವುದು? ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಐಡಲ್‌ನಲ್ಲಿ ಹೆಚ್ಚಿದ್ದು ರೇಸ್ ಮಾಡಿದಾಗ ಇಳಿದರೆ ಸೆನ್ಸರಿನ ಆಚೆ ಯಾವುದೋ ಪೈಪು ಸೀಳಿದೆ; ಸಣ್ಣ ಸೀಳು ಐಡಲ್‌ನ ಅಲ್ಪ ಗಾಳಿಯೆದುರು ದೊಡ್ಡದು, ರೇಸಿನ ಗಾಳಿಯೆದುರು ಲೆಕ್ಕಕ್ಕಿಲ್ಲ. ಉಲ್ಟಾ, ಐಡಲ್‌ನಲ್ಲಿ ಸರಿ ಇದ್ದು ಏರಿನಲ್ಲಿ ಅಂಕಿ ಏರುತ್ತಾ ಹೋದರೆ ಪಂಪ್ ಅಥವಾ ಫಿಲ್ಟರ್ ಕಡೆ ನೋಡಿ. ಅಂದಹಾಗೆ, ಬ್ಯಾಟರಿ ವೈರ್ ಬಿಚ್ಚಿ ಹಾಕಿ ದೀಪ ಆರಿಸುವ ಕೆಲಸ ಬೇಡ, ಸಾಕ್ಷಿಯೂ ಅದರ ಜೊತೆ ಅಳಿಸಿಹೋಗುತ್ತದೆ.

ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಆದರೆ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಟರ್ಬೊ ಇದೆ. ಒತ್ತಿದಾಗ ಸುಯ್ಯೆಂಬ ಸದ್ದು, ಕಪ್ಪು ಹೊಗೆ, ರಬ್ಬರ್ ಹೋಸಿನ ಮೇಲೆ ಎಣ್ಣೆ ಒಸರಿದ ಗುರುತು ಇದ್ದರೆ ಟರ್ಬೊ ಹಾಳಾಯಿತೆಂದು ಹೆದರುವ ಮೊದಲು ಹೋಸ್ ಸೀಳಿದೆಯೇ ನೋಡಿಸಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಉಡುಪಿ-ಮಣಿಪಾಲದ ಐದಾರು ಕಿಲೋಮೀಟರಿನಲ್ಲಿ ಆ ಬಿಸಿ ಬರುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಅಂಥವರು ಆಗಾಗ ಹೆದ್ದಾರಿ 66ರಲ್ಲಿ ಕುಂದಾಪುರದ ತನಕ ಒಂದೇ ವೇಗದಲ್ಲಿ ಹೋಗಿಬರಬೇಕು. ದೀಪ ಬಂದರೂ ತಲೆಕೆಡಿಸಿಕೊಳ್ಳದಿದ್ದರೆ ಕಂಪ್ಯೂಟರ್ ಇಂಜಿನ್ನಿನ ಶಕ್ತಿಯನ್ನೇ ಕಟ್ಟಿಹಾಕುತ್ತದೆ. ಆಗ ಎಷ್ಟು ಒತ್ತಿದರೂ ಮುಳ್ಳು ಒಂದು ಮಟ್ಟದ ಮೇಲೆ ಏಳುವುದಿಲ್ಲ.

ಇವೆಲ್ಲ ಸರಿ ಇದ್ದೂ ಎಳೆಯದಿದ್ದರೆ ಉಳಿಯುವುದು ಸಿಲಿಂಡರಿನ ಕಂಪ್ರೆಶನ್ (ಗಾಳಿಯನ್ನು ಸೋರದಂತೆ ಒತ್ತಿಹಿಡಿಯುವ ಬಲ) ಮತ್ತು ಟೈಮಿಂಗ್ (ವಾಲ್ವುಗಳು ತೆರೆದು ಮುಚ್ಚುವ ಹೊತ್ತು). ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ರೋಗವಲ್ಲದ್ದು

ಕಾಯಿಲ್ ಹಾಕಿಸಿದ ಮುಂದಿನ ವಾರ ನಾಲ್ಕು ಜನ ಕೂತು ಆಗುಂಬೆಗೆ ಹೊರಟೆವು. ಸೋಮೇಶ್ವರ ದಾಟಿ ಘಾಟಿಯ ತಿರುವುಗಳು ಶುರುವಾದ ಮೇಲೆ ಗಾಡಿ ಮತ್ತೆ ಮಂಕಾಯಿತು. ಪಕ್ಕದಲ್ಲಿದ್ದ ಹೆಂಡತಿ ನನ್ನ ಮುಖ ನೋಡಿ, "ಸರಿ ಮಾಡಿಸಿದ್ದು ಅಂದ್ರಲ್ಲ, ಇದೆಂತ ಮತ್ತೆ?" ಎಂದಳು.

ನಾನೂ ಒಂದು ಕ್ಷಣ ಗಾಬರಿಯಾದೆ. ನಡುಕ ಇರಲಿಲ್ಲ, ದೀಪ ಇರಲಿಲ್ಲ. ಹೊರಗೆ ಸೆಕೆ, ಒಳಗೆ ಎಸಿ. ಗೇರ್ ನೋಡಿದರೆ ನಾಲ್ಕು.

ನನ್ನ ಗಾಡಿಗೆ ಕಾಗದದಲ್ಲಿ 67 ಅಶ್ವಶಕ್ತಿ, ಅದು 6,000 ಸುತ್ತಿನ ಹತ್ತಿರ ಸಿಗುವಂಥದ್ದು. ನಾಲ್ಕನೇ ಗೇರಿನಲ್ಲಿ 40ರ ವೇಗಕ್ಕೆ ಇಂಜಿನ್ ಸುಮಾರು 1,500 ಸುತ್ತಿನಲ್ಲಿರುತ್ತದೆ, ಅಲ್ಲಿ ಸಿಗುವುದು ಹೆಚ್ಚೆಂದರೆ 16-17. ಜನ ಸೇರಿ 1,200 ಕಿಲೋ ತೂಗುವ ಗಾಡಿಯನ್ನು ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗದಲ್ಲಿ ಎಳೆಯಲು ಹದಿನೈದರಷ್ಟು ಬೇಕು. ಅದರ ನಡುವೆ ಎಸಿ ಮೂರೋ ನಾಲ್ಕೋ ತಿಂದುಹಾಕುತ್ತದೆ. ಕರಾವಳಿಯ ತೇವದ ಗಾಳಿಯೂ ಸ್ವಲ್ಪ ಕದಿಯುತ್ತದೆ: 32 ಡಿಗ್ರಿಯಲ್ಲಿ ಶೇಕಡಾ 80 ತೇವ ಇದ್ದರೆ ಒಳಗೆಳೆದ ಗಾಳಿಯಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಬರೀ ನೀರಾವಿ. ಘಾಟಿಯ ತಲೆಯಲ್ಲಿ, ಸುಮಾರು 640 ಮೀಟರ್ ಎತ್ತರದಲ್ಲಿ, ಗಾಳಿಯೇ ಆರು ಶೇಕಡಾದಷ್ಟು ತೆಳು. ಟರ್ಬೊ ಇಲ್ಲದ ಸಣ್ಣ ಇಂಜಿನ್ನಿಗೆ ಇದೆಲ್ಲ ತಟ್ಟುತ್ತದೆ.

ಅದೇ 40ರ ವೇಗ ಎರಡನೇ ಗೇರಿನಲ್ಲಿ 3,000 ಸುತ್ತು, ಶಕ್ತಿ ಇಮ್ಮಡಿಗೂ ಹೆಚ್ಚು. ಎಸಿ ಆರಿಸಿ, ಕಿಟಕಿ ಇಳಿಸಿ, ಎರಡಕ್ಕೆ ಹಾಕಿದೆ. ಇಂಜಿನ್ ಗಟ್ಟಿಯಾಗಿ ಕೂಗುತ್ತಾ ಉಳಿದ ತಿರುವುಗಳನ್ನೆಲ್ಲ ಹತ್ತಿತು.